ತೋಟದ ಆಟಿಕೆ ರೈಲಿಗೆ ಕರೆಂಟ್: ಹಳಿಯಿಂದಲೋ, ಬ್ಯಾಟರಿಯಿಂದಲೋ?

45 ಮಿ.ಮೀ. ಅಗಲದ ಜಿ ಹಳಿ (ತೋಟದ ಆಟಿಕೆ ರೈಲಿನ ಹಳಿಯ ಅಳತೆ) ಹಾಕುವವರು ಎಂಜಿನ್ ಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಬೇಕು. ಹಳಿಯ ಲೋಹವೂ ಇದನ್ನೇ ಅವಲಂಬಿಸಿದೆ.

ಹಳಿಯಲ್ಲಿ ಕರೆಂಟ್ ಹರಿಸಲು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಎರಡೂ ದುಬಾರಿ. ಅಲ್ಯೂಮಿನಿಯಂ ಅಗ್ಗ, ಆದರೆ ಅದರ ಮೇಲ್ಮೈಯ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ. ಬ್ಯಾಟರಿ ರೈಲಿಗೆ ಅದೇ ಧಾರಾಳ ಸಾಕು. ಮೆದು ಲೋಹ ಮಾತ್ರ, ತುಳಿದರೆ ಬಾಗುತ್ತದೆ.

ನಿಜವಾದ ತಲೆನೋವು ನಿರ್ವಹಣೆ. ಹಿತ್ತಾಳೆ ಕಪ್ಪಾಗುತ್ತದೆ, ಎಲೆಯ ಅಂಟು ಕೂರುತ್ತದೆ. ಓಡಿಸುವ ಮುನ್ನ ಹಳಿಯ ತಲೆಯನ್ನು ಉಜ್ಜಲೇಬೇಕು. ದೂರದ ತಿರುವಿನಲ್ಲಿ ರೈಲು ನಿಧಾನವಾದರೆ ಎಂಜಿನ್ನನ್ನು ಬೈಯಬೇಡಿ, ಸಡಿಲವಾದ ಜೋಡಣೆಗಳನ್ನು ನೋಡಿ. ಸ್ಕ್ರೂ ಕ್ಲಾಂಪ್ ಹಾಕಿ, ನಾಲ್ಕೈದು ಮೀಟರಿಗೊಂದು ತಂತಿಯಿಂದ ಕರೆಂಟ್ ಕೊಡಿ. ರೈಲು ಸುತ್ತಿ ಬಂದು ಅದೇ ಹಳಿಗೆ ಎದುರು ದಿಕ್ಕಿನಲ್ಲಿ ಸೇರುವ ಕುಣಿಕೆಯಿದ್ದರೆ ಶಾರ್ಟ್ ಆಗುತ್ತದೆ. ಅಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ ಬೇರ್ಪಡಿಸಬೇಕು.

ಬ್ಯಾಟರಿಗೆ ಇದ್ಯಾವುದೂ ಇಲ್ಲ. ಆದರೆ ಪ್ರತಿ ಎಂಜಿನ್ನಿಗೂ ಸೆಲ್, ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಸಾಧನ), ವೇಗ ನಿಯಂತ್ರಕದ ಖರ್ಚು. ಚಿಕ್ಕ ಎಂಜಿನ್ನಾದರೆ ಅವನ್ನು ಹಿಂದಿನ ಡಬ್ಬಿಯಲ್ಲಿ ಇಡಬೇಕು.

ಮರಗಳ ಕೆಳಗೆ ಉದ್ದ ಹಳಿ, ಒಂದೆರಡು ಎಂಜಿನ್: ಬ್ಯಾಟರಿ. ಬಿಸಿಲಿನಂಗಳದ ಸಣ್ಣ ಸುತ್ತು, ಹಲವು ಎಂಜಿನ್, ದಿನವಿಡೀ ಓಟ: ಹಳಿಯ ಕರೆಂಟ್.