ದೈತ್ಯ ಅಲೆಗುರುತೋ, ಹೂಳಿನ ಪದರವೋ?

ಕೋಲಾರದಲ್ಲಿ ಕೂತು ಮಿಸೌಲಾ ಹಿಮಸರೋವರದ ಪ್ರವಾಹದ ಮೇಲೆ ಪ್ರಾಜೆಕ್ಟ್ ಮಾಡ್ತೀರಾ? ಹಿಮಯುಗದ ಕೊನೆಯಲ್ಲಿ ಅಮೆರಿಕದಲ್ಲಿ ಹಿಮದ ಕಟ್ಟೆ ಒಡೆದು ನುಗ್ಗಿದ ನೀರು ಅದು. ಸಾಕ್ಷಿ ಹುಡುಕಲು ಮುಖ್ಯವಾಗಿ ಎರಡು ದಾರಿ.

ಮೊದಲನೆಯದು ಮೊಂಟಾನಾದ ಕಮಾಸ್ ಪ್ರೈರಿಯ ಜಲ್ಲಿಕಲ್ಲಿನ ಅಲೆಗುರುತು. ರಾಜಕಾಲುವೆಯ ಮರಳಲ್ಲಿ ಬೆರಳೆತ್ತರದ ಅಲೆ ನೋಡಿರ್ತೀರಲ್ವಾ? ಅಲ್ಲಿ ಅವು ಹತ್ತು ಮೀಟರ್‌ವರೆಗೂ ಏಳುತ್ತವೆ. ನೆಲದ ಮೇಲೆ ನಿಂತರೆ ಸುಮ್ನೆ ಗುಡ್ಡ, ಉಪಗ್ರಹ ಚಿತ್ರದಲ್ಲಿ ಸ್ಪಷ್ಟ. 1942ರಲ್ಲಿ ಭೂವಿಜ್ಞಾನಿ ಪಾರ್ಡೀ ಇವನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಅಳತೆಯಿಂದ ನೀರಿನ ವೇಗ ಅಂದಾಜಿಸಬಹುದು. ಲ್ಯಾಪ್‌ಟಾಪ್ ಸಾಕು.

ಎರಡನೆಯದು ವಾಷಿಂಗ್ಟನ್ ರಾಜ್ಯದ ಬರ್ಲಿಂಗೇಮ್ ಕಣಿವೆಯ ಹೂಳು. ಬೇಸಿಗೆಯಲ್ಲಿ ಒಣಗಿದ ಕೆರೆಯಿಂದ ಒಂದು ಹೆಂಟೆ ಮುರಿದು ನೋಡಿ: ಕೆಳಗೆ ಮರಳು, ಮೇಲೆ ನುಣುಪು ಮಣ್ಣು. ಅಲ್ಲೂ ಹಾಗೇ, ಆದರೆ ಒಂದರ ಮೇಲೊಂದು ಸುಮಾರು 40 ಪದರ. ಒಂದೊಂದು ಪದರವೂ ಒಂದೊಂದು ಪ್ರವಾಹ ಅಂತ 1980ರಲ್ಲಿ ಭೂವಿಜ್ಞಾನಿ ವೇಯ್ಟ್ ವಾದಿಸಿದರು. ನಡುವೆ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಬೂದಿಯೂ ಇದೆ, ಕಾಲ ಹೇಳೋಕೆ ಆಧಾರ. ಆದರೆ ಬರೀ ಫೋಟೋದಿಂದ ಆಗಲ್ಲ. ಪ್ರಕಟವಾದ ಪದರಚಿತ್ರಗಳನ್ನು, ಅಂದರೆ ಯಾವ ಪದರದ ಮೇಲೆ ಯಾವುದಿದೆ ಅಂತ ತೋರಿಸುವ ಚಿತ್ರಗಳನ್ನು, ತಾಳ್ಮೆಯಿಂದ ಓದಬೇಕು.

ಎರಡೇ ವಾರ ಇದ್ದರೆ ಅಲೆಗುರುತು ತಗೊಳ್ಳಿ. ಆದರೆ 'ಎಷ್ಟು ಸಲ ಬಂತು?' ಅನ್ನೋದಕ್ಕೆ ಅದರಲ್ಲಿ ಉತ್ತರ ಸಿಗೋದು ಕಷ್ಟ. ನಾನಾದರೆ ಹೂಳಿಗೇ ಕೈ ಹಾಕ್ತೀನಿ.

ಅಂದ ಹಾಗೆ, ಅಂತರಗಂಗೆ ಬೆಟ್ಟದ ಬಂಡೆಗಳನ್ನು ಹೋಲಿಕೆಗೆ ಎಳೀಬೇಡಿ. ಅವು ಇದ್ದಲ್ಲೇ ಸವೆದು ಗುಂಡಾದವು, ಯಾವ ಪ್ರವಾಹವೂ ಹೊತ್ತು ತಂದಿದ್ದಲ್ಲ.