ಮಾಂಡೆಲ್ಸ್ಲೋ ಪ್ರವಾಸಕಥನದ ಮರುಮುದ್ರಣ: ದುಡ್ಡು ಕೊಡುವ ಮೊದಲು

ಪರ್ಷಿಯ, ಭಾರತ ನೋಡಿಹೋದ ಜರ್ಮನ್ ಪ್ರವಾಸಿ ಯೋಹಾನ್ ಆಲ್ಬ್ರೆಕ್ಟ್ ಫಾನ್ ಮಾಂಡೆಲ್ಸ್ಲೋನ (1616–1644) ಪ್ರವಾಸಕಥನ ಈಗ ಆರ್ಡರ್ ಬಂದಮೇಲೆ ಅಚ್ಚುಹಾಕಿ ಕಳಿಸುವ ಮರುಮುದ್ರಣವಾಗಿ ಮಂಗಳೂರು, ಉಡುಪಿಯ ಮನೆಬಾಗಿಲಿಗೂ ಬರುತ್ತದೆ. ಜಾನ್ ಡೇವಿಸ್‌ನ 1662ರ ಇಂಗ್ಲಿಷ್ ಅನುವಾದವೇ ಇದರ ಮೂಲ. ಹಳೆಯ ಪುಟಗಳನ್ನು ಹಾಗೇ ಸ್ಕ್ಯಾನ್ ಮಾಡಿದ್ದು ಒಂದು ಬಗೆ, ಕಂಪ್ಯೂಟರಿನಿಂದ ಓದಿಸಿ ಹೊಸದಾಗಿ ಅಕ್ಷರ ಜೋಡಿಸಿದ್ದು ಇನ್ನೊಂದು. ಎರಡನೆಯದರ ತಂಟೆಗೇ ಹೋಗಬೇಡಿ. ಆ ಕಾಲದ ಉದ್ದನೆಯ ‘ಎಸ್’ ಯಂತ್ರದ ಕಣ್ಣಿಗೆ ‘ಎಫ್’ ಆಗಿ ಕಾಣುತ್ತದೆ. ‘ಸೇಲ್’ (sail, ಹಾಯಿ ಬಿಚ್ಚಿ ಹೊರಡುವುದು) ಆಗಬೇಕಾದ ಹಡಗುಗಳೆಲ್ಲ ‘ಫೇಲ್’ (fail) ಆಗಿವೆ.

ಸ್ಕ್ಯಾನ್ ಪ್ರತಿಯ ತೊಂದರೆ ಅಳತೆಯದು. ಮೂಲ ಫೋಲಿಯೋ ಆಕಾರದ್ದು, ಅಂದರೆ ಹಾಳೆಯನ್ನು ಒಂದೇ ಸಲ ಮಡಿಸಿದ ದೊಡ್ಡ ಪುಟ. ಅದನ್ನು ಎ5ಕ್ಕೆ ಕುಗ್ಗಿಸಿದರೆ ಅಂಚಿನ ಟಿಪ್ಪಣಿಗಳು ಭೂತಗನ್ನಡಿಗೂ ಸಿಗುವುದಿಲ್ಲ. ಇಸವಿ, ಊರು ಹುಡುಕಲು ನೆರವಾಗುವುದು ಆ ಟಿಪ್ಪಣಿಗಳು. ಎ4 ಇದ್ದರೆ ಮಾತ್ರ ಕೊಳ್ಳಿ.

ಹಿಂಬದಿಯ ಪರಿಚಯ ಇವನನ್ನು ಚೀನಾ, ಜಪಾನ್ ಸುತ್ತಿದ ಸಿಪಾಯಿ ಎನ್ನುತ್ತದೆ. ಅದು ಬರೀ ಬುರುಡೆ. ಉತ್ತರ ಜರ್ಮನಿಯ ಹೋಲ್‌ಸ್ಟೈನ್-ಗೊಟಾರ್ಪ್ ಡ್ಯೂಕನ ಆಸ್ಥಾನದಲ್ಲಿ ಬೆಳೆದ ಈ ಶ್ರೀಮಂತ ಮನೆತನದ ಹುಡುಗ, ಆಡಮ್ ಒಲಿಯೇರಿಯಸ್ ಕಾರ್ಯದರ್ಶಿಯಾಗಿದ್ದ ರಾಯಭಾರ ತಂಡದೊಂದಿಗೆ ಮಾಸ್ಕೋ ಹಾಯ್ದು ಪರ್ಷಿಯದ ಇಸ್ಫಹಾನ್ ಸೇರಿದ. 1638ರಲ್ಲಿ ತಂಡವನ್ನು ಬಿಟ್ಟು ಸೂರತ್‌ಗೆ ಬಂದ, ಅಹಮದಾಬಾದ್, ಆಗ್ರಾ ನೋಡಿದ, 1639ರಲ್ಲಿ ಇಂಗ್ಲಿಷ್ ಹಡಗಿನಲ್ಲಿ ಗೋವಾ ಮುಟ್ಟಿ ಸಿಲೋನ್ ಕಡೆಯಿಂದ ಊರಿಗೆ ಮರಳಿದ. ಜರ್ಮನ್ ಮಾತಿನ ಬಾಸೆಲ್ ಮಿಷನ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಈ ಜರ್ಮನ್ ನಮ್ಮ ಕಡಲನ್ನು ಹಾದುಹೋಗಿದ್ದ. ಕೂಲಿ ಸೈನಿಕನ ಬದುಕು ಆಮೇಲಿನದು: ಫ್ರಾನ್ಸ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದಾಗ ಪ್ಯಾರಿಸ್‌ನಲ್ಲಿ ಸಿಡುಬಿಗೆ ಸತ್ತ. ವಯಸ್ಸು 28.

ಹಾಗಾದರೆ ಜಪಾನ್ ಎಲ್ಲಿಂದ ಬಂತು? ಒಲಿಯೇರಿಯಸ್ ಅವನ ಟಿಪ್ಪಣಿಗಳನ್ನು ತಿದ್ದಿ 1658ರಲ್ಲಿ ಶ್ಲೆಸ್ವಿಗ್‌ನಲ್ಲಿ ಅಚ್ಚುಹಾಕಿಸಿದ. ಮರುವರ್ಷ ಫ್ರೆಂಚಿಗೆ ತಂದ ವಿಕ್‌ಫೋರ್ಟ್ ಬೇರೆಯವರ ಪುಸ್ತಕಗಳಿಂದ ಪೂರ್ವದೇಶಗಳ ವರ್ಣನೆಯನ್ನು ಧಾರಾಳವಾಗಿ ತುಂಬಿಸಿದ. ಡೇವಿಸ್ ಅದನ್ನೇ ಇಂಗ್ಲಿಷ್ ಮಾಡಿದ. ಓದುವಾಗ ಜೊಳ್ಳು ತೂರುವುದು ಹೀಗೆ: ತಾರೀಕು ಮತ್ತು ‘ನಾನು’ ಒಟ್ಟಿಗೆ ಸಾಗುವ ಕಡೆ ಮಾಂಡೆಲ್ಸ್ಲೋ ಇರುತ್ತಾನೆ, ತಾರೀಕು ನಿಂತು ದೇಶ, ರಾಜ, ಬೆಳೆಗಳ ಪಟ್ಟಿ ಶುರುವಾದರೆ ಅನುಮಾನಪಡಿ. ಸೂರತ್‌ನ ಇಂಗ್ಲಿಷ್ ವ್ಯಾಪಾರಿಗಳ ಕೋಠಿಯಲ್ಲಿ ದಿನವೂ ಚಹಾ ಕುಡಿಯುತ್ತಿದ್ದುದು, ಕರೆದಾಗ ಬರಲಿಲ್ಲವೆಂದು ಅಹಮದಾಬಾದಿನ ಸುಬೇದಾರ (ಮೊಘಲರ ಪ್ರಾಂತಾಧಿಕಾರಿ) ನರ್ತಕಿಯರ ತಲೆ ಕಡಿಸಿದ್ದು, ಇಸ್ಫಹಾನ್‌ನ ಹೊಡೆದಾಟದಲ್ಲಿ ಸತ್ತವನ ಕಡೆಯವನೊಬ್ಬ ಗುರುತು ಹಿಡಿದನೆಂದು ಆಗ್ರಾದಿಂದ ಕಾಲುಕಿತ್ತದ್ದು, ಇವಿಷ್ಟಕ್ಕೇ ಕೊಟ್ಟ ದುಡ್ಡು ದಕ್ಕುತ್ತದೆ.

ಬೈಂಡಿಂಗ್ ಮಾತ್ರ ನಮ್ಮೂರಿನ ಮಳೆಗೆ ಹೇಳಿದ್ದಲ್ಲ. ಬೆನ್ನಿಗೆ ಬರೀ ಬಿಸಿ ಅಂಟು, ಹೊಲಿಗೆ ಇಲ್ಲ. ಕಾಗದದ ನಾರು ಬೆನ್ನಿಗೆ ಅಡ್ಡವಾಗಿದ್ದರೆ ಜೂನ್‌ನಲ್ಲಿ ತೇವ ಕುಡಿದ ಹಾಳೆ ಮೇಲೆ-ಕೆಳಗೆ ಹಿಗ್ಗಲು ನೋಡುತ್ತದೆ, ಅಂಟು ಹಿಗ್ಗಗೊಡುವುದಿಲ್ಲ. ಪುಟ ಅಲೆಯಲೆಯಾಗಿ ಕೊನೆಗೆ ಬೆನ್ನಿನಿಂದ ಕಿತ್ತುಬರುತ್ತದೆ. ಕೊನೆಯ ಖಾಲಿ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ: ನೇರ ಹರಿದರೆ ಸರಿ, ಸೊಟ್ಟ ಹೋದರೆ ನಾರು ಅಡ್ಡ.

ಇದಕ್ಕಿಂತ ಸ್ಕ್ಯಾನ್ ಇಳಿಸಿಕೊಂಡು ಮಂಗಳೂರಿನ ಹಂಪನಕಟ್ಟೆಯ ಕಡೆ ಅಚ್ಚುಹಾಕಿಸುವುದು ವಾಸಿ. ಡೇವಿಸ್ ಸಂಪುಟದ ಮೊದಲ ಭಾಗ ಒಲಿಯೇರಿಯಸ್‌ನದೇ ಪ್ರವಾಸಕಥನ. ಮಾಂಡೆಲ್ಸ್ಲೋ ಭಾಗಕ್ಕೆ ಪುಟಸಂಖ್ಯೆ ಮತ್ತೆ ಒಂದರಿಂದ ಶುರು, ಹಾಗಾಗಿ ಅಂಗಡಿಯವರಿಗೆ ಫೈಲಿನ ಪುಟಸಂಖ್ಯೆಯನ್ನೇ ಹೇಳಿ. 80 ಜಿಎಸ್‌ಎಂ ಕಾಗದ, ನಾಲ್ಕು ಎ3 ಹಾಳೆ ಮಡಿಸಿ 16 ಪುಟದ ಒಂದೊಂದು ಕಟ್ಟು, ನೂಲಿನ ಹೊಲಿಗೆ. ಮೈದಾ ಅಂಟು ಬಳಸುವ ಬೈಂಡರಾದರೆ ಚಿಟಿಕೆ ಮೈಲುತುತ್ತು ಹಾಕಲು ನೆನಪಿಸಿ (ಅಡಿಕೆಗೆ ಹೊಡೆಯುವ ಅದೇ ತುತ್ತು), ಇಲ್ಲದಿದ್ದರೆ ಹುಳಕ್ಕೆ ಹಬ್ಬ.

ನಕ್ಷೆಗಳನ್ನು ಮಾತ್ರ ಮೊದಲೇ ತೆರೆದು ನೋಡಿ. ಎಷ್ಟೋ ಸ್ಕ್ಯಾನ್‌ಗಳಲ್ಲಿ ಅವನ್ನು ಮಡಿಕೆ ಬಿಚ್ಚದೆಯೇ ತೆಗೆದಿರುತ್ತಾರೆ. ಅಂಥದ್ದಾದರೆ ಬೇರೆ ಗ್ರಂಥಾಲಯದ ಪ್ರತಿ ಹುಡುಕಿ, ನಕ್ಷೆಯ ಪುಟವನ್ನಷ್ಟೇ ಅಲ್ಲಿಂದ ತೆಗೆದು ಸೇರಿಸಿ.