ಕತೆ ಬರೆಯೋರಿಗೆ ಯಾವ ನಿಘಂಟು? ನಾನು ಬಳಸಿ ನೋಡಿದ್ದು

ನನ್ನ ಓಟು ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟಿಗೆ. ಒಂದೇ ಸಂಪುಟ, ಕನ್ನಡ ಪದಕ್ಕೆ ಕನ್ನಡದಲ್ಲೇ ಅರ್ಥ. ಅದನ್ನು ಕೊಳ್ಳುವ ಮೊದಲು ಒಂದು ನಿಘಂಟು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ ಕೈ ಸುಟ್ಟುಕೊಂಡಿದ್ದೆ.

ಆ ಆ್ಯಪಿನ ಕಾಟ ಏನು ಅಂದರೆ, ಪದವನ್ನು ಮೂಲ ರೂಪದಲ್ಲೇ ಕೊಡಬೇಕು. ‘ಹೊಳೆ ಬತ್ತಿತ್ತು’ ಅಂತ ಬರೆದಿದ್ದೆ. ಬೇರೆ ಪದ ಸಿಗಬಹುದಾ ಅಂತ ‘ಬತ್ತಿತ್ತು’ ಹಾಕಿದೆ. ಪದ ಇಲ್ಲ ಅಂದಿತು. ‘ಬತ್ತಿ’ ಹಾಕಿದರೆ ದೀಪದ ಬತ್ತಿ ಬಂತು. ‘ಬತ್ತು’ ಅಂತ ಹಾಕಿದಾಗಲೇ ಬೇಕಾದದ್ದು ಸಿಕ್ಕಿದ್ದು. ಅಷ್ಟರಲ್ಲಿ ಬರೆಯುತ್ತಿದ್ದ ವಾಕ್ಯವೇ ಮರೆತುಹೋಗಿತ್ತು. ಪುಸ್ತಕದಲ್ಲಿ ಈ ಗೋಳಿಲ್ಲ. ಬತ್ತಳಿಕೆ, ಬತ್ತಿ, ಬತ್ತು ಎಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ, ಕಣ್ಣು ತಾನಾಗಿ ಹೋಗುತ್ತದೆ.

ಇನ್ನೊಂದು ತೊಡಕು ಅರ್ಥ ಇಂಗ್ಲಿಷಿನಲ್ಲಿ ಇರುವುದು. ನನ್ನ ಕತೆಯಲ್ಲಿ ಅಜ್ಜಿಯೊಬ್ಬಳು ಬಚ್ಚಲ ಒಲೆಗೆ ಸೌದೆ ಒಡ್ಡುತ್ತಾಳೆ. ಮುಖಕ್ಕೆ ಬಡಿಯುವ ಬಿಸಿಗೆ ಏನನ್ನಬೇಕು? ಝಳ, ಧಗೆ, ಸೆಕೆ, ಬೇಗೆ, ಕಾವು. ಇಂಗ್ಲಿಷಿಗೆ ತಿರುಗಿಸಿದರೆ ಎಲ್ಲ ಹೀಟ್ ಆಗಿಬಿಡುತ್ತವೆ. ಆದರೆ ಸೆಕೆಗೆ ಬೆವರು ಸುರಿಯುತ್ತದೆ, ಬೇಗೆಯಲ್ಲಿ ಸಂಕಟ ಇದೆ, ಕಾವು ಒಳಗೇ ಉಳಿಯುವಂಥದ್ದು. ಕೋಳಿ ಕೂರುವುದು ಕಾವಿಗೆ ಅಲ್ವಾ? ಒಲೆ ಮುಂದೆ ಝಳವೇ ಸರಿ. ಈ ವ್ಯತ್ಯಾಸ ಹಿಡಿಯಲು ಕನ್ನಡದ ವಿವರಣೆಯೇ ಬೇಕು.

ಹಾಗಂತ ಅಲರ್ ನಿಘಂಟನ್ನು ನಾನು ಬಿಟ್ಟಿಲ್ಲ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳಿವೆ, 2019ರಿಂದ ಆನ್‌ಲೈನಿನಲ್ಲಿ ಎಲ್ಲರಿಗೂ ಉಚಿತ. ಅನುವಾದ ಮಾಡುವ ದಿನ ನಾನು ಮೊದಲು ತೆರೆಯುವುದು ಅದನ್ನೇ. ಅಷ್ಟು ದೊಡ್ಡ ಕೆಲಸವನ್ನು ಒಬ್ಬರೇ ಮಾಡಿ ಸುಮ್ನೆ ಕೊಟ್ಟುಬಿಟ್ಟಿದ್ದಾರೆ ಅಂತ ನೆನೆದರೆ ಕೈಮುಗಿಯಬೇಕು ಅನಿಸುತ್ತದೆ.

ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅರ್ಥ ಅಲ್ಲೂ ಇಂಗ್ಲಿಷಿನಲ್ಲೇ, ಆದರೆ ನಡುನಡುವೆ ಗಾದೆಗಳಿವೆ. ನೂರಮೂವತ್ತು ವರ್ಷದ ಹಿಂದೆ ಜನ ಹೇಗೆ ಮಾತಾಡುತ್ತಿದ್ದರು ಅಂತ ಕೇಳಿಸುತ್ತದೆ. ಹಳೇ ಕಾಲದ ಪಾತ್ರ ಇದ್ದರೆ ಇದನ್ನು ನೋಡಲೇಬೇಕು. ನೆಟ್‌ನಲ್ಲಿ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ.

ಪರಿಷತ್ತಿನದೇ ಎಂಟು ಸಂಪುಟಗಳ ದೊಡ್ಡ ನಿಘಂಟು ಎಲ್ಲಕ್ಕಿಂತ ಮೇಲು. ಶಾಸನದಲ್ಲಿ, ಕಾವ್ಯದಲ್ಲಿ ಆ ಪದ ಎಲ್ಲಿ ಬಂದಿದೆ ಅಂತ ಸಾಲು ಸಮೇತ ತೋರಿಸುತ್ತದೆ. ಮನೆಯಲ್ಲಿಡಲು ನನಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಲೈಬ್ರರಿಗೆ ಹೋಗುತ್ತೇನೆ.

ಸರ್ಕಾರದ ಆನ್‌ಲೈನ್ ನಿಘಂಟು ಪದಕಣಜ ಕಚೇರಿ ಪದಗಳಿಗೆ ಚೆನ್ನ.

ನಾನು ಬೆಳಿಗ್ಗೆ ಐದಕ್ಕೆ ಎದ್ದು, ಫೋನ್ ದೂರ ಇಟ್ಟು, ಪೆನ್ನಿನಲ್ಲಿ ಬರೆಯುವವಳು. ಕೈಗೆಟುಕುವಲ್ಲಿ ಒಂದು ದಪ್ಪ ಪುಸ್ತಕ ಇದ್ದರೆ ಸಾಕು, ಒಂದು ಸಲ ದುಡ್ಡು ಕೊಟ್ಟರೆ ಮುಗೀತು. ನೀವು ಲ್ಯಾಪ್‌ಟಾಪಿನಲ್ಲೇ ಬರೆಯುವವರಾದರೆ ಅಲರ್‌ನಿಂದ ಶುರುಮಾಡಿ. ಪುಸ್ತಕ ಬೇಕು ಅನಿಸಿದರೆ ಬೆಂಗಳೂರು ಚಾಮರಾಜಪೇಟೆಯ ಪರಿಷತ್ತಿನಲ್ಲಿ ವಿಚಾರಿಸಿ. ನವೆಂಬರಿನಲ್ಲಿ ಎಷ್ಟೋ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ, ಅಲ್ಲಿವರೆಗೆ ಕಾದರೂ ನಷ್ಟವಿಲ್ಲ.